ಇನ್ನೊಬ್ಬರಿರುವ ಮನೆ

ಆಕೆ ಯಾವ ಕೋಣೆಗೆ ಕಾಲಿಡುವ ಮುಂಚೆಯೂ ಒಮ್ಮೆ ಮೆಲ್ಲಗೆ ಕೆಮ್ಮುತ್ತಿದ್ದಳು. ಒಳಗೆ ಜನ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಖಾಲಿ ಕೋಣೆಗೆ ಯಾಕೆ ಕೆಮ್ಮುತ್ತೀರಿ ಎಂದು ನಾನು ಮೊದಲ ವಾರವೇ ಕೇಳಿದ್ದೆ.

"ಖಾಲಿ ಅಂತ ಹೊರಗಿಂದ ಹೆಂಗೆ ಗೊತ್ತಾಗುತ್ತೆ ಟೀಚರಮ್ಮ?" ಎಂದಳು.

ನಾನು ನಕ್ಕೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವಳು ನಾನು. ಆ ಉತ್ತರ ಎಲ್ಲಿ ತಪ್ಪು ಎಂದು ತೋರಿಸಲು ಹೊರಟು ಅರ್ಧದಲ್ಲೇ ನಿಲ್ಲಿಸಿದೆ.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ ಅದು. ಮೈಸೂರಿನಲ್ಲಿ ಬಿ.ಎ. ಮುಗಿಸಿದ ನಾನು ಸೋಮವಾರಪೇಟೆಯ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದಿದ್ದೆ. ನಮ್ಮ ತಂದೆ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಪಾಲಿಗೆ ಕುಶಾಲನಗರದ ಸೇತುವೆ ದಾಟಿದರೆ ಪರದೇಶ. "ಅಲ್ಲಿ ಸರ್ಕಾರ ಬೇರೆ, ಕಚೇರಿ ಬೇರೆ. ನಾಳೆ ನಿನಗೆ ಏನಾದರೂ ಆದರೆ ನಾನು ಯಾರಿಗೆ ಅಂತ ಅರ್ಜಿ ಬರೀಲಿ?" ಎಂದು ಕೇಳಿದ್ದರು. ಕೊನೆಗೆ ಒಂದು ಷರತ್ತಿನ ಮೇಲೆ ಬಿಟ್ಟರು. ಎರಡು ತಿಂಗಳಾದ ಮೇಲೆ ಬಂದು ನೋಡುತ್ತಾರೆ. ನಾನಿರುವುದು ಮನೆಯ ಹಾಗಿದ್ದರೆ ಇರಬಹುದು. ಛತ್ರದ ಹಾಗಿದ್ದರೆ ಅವರ ಜೊತೆ ಅದೇ ಬಸ್ಸಿನಲ್ಲಿ ಹೊರಡಬೇಕು. ಹೊರಟರೆ ಮುಂದೇನು ಎಂಬುದೂ ಗೊತ್ತಿತ್ತು. ನಂಜನಗೂಡಿನ ಒಂದು ಜಾತಕ ನಮ್ಮ ದೇವರ ಗೂಡಿನಲ್ಲಿ ಅರಿಶಿನ ಹಚ್ಚಿಸಿಕೊಂಡು ಕಾದು ಕುಳಿತಿತ್ತು.

ನನಗೆ ಸಿಕ್ಕಿದ್ದು ಪೇಟೆಯ ಅಂಚಿನಲ್ಲಿ ಮೂರು ಕೋಣೆಯ ಹೆಂಚಿನ ಮನೆ. ನನ್ನ ಸಾಮಾನೆಂದರೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಸ್ಟೌ, ನಾಲ್ಕು ಪಾತ್ರೆ. ಮಾತಾಡಿದರೆ ಗೋಡೆಗಳು ಮಾತನ್ನು ವಾಪಸು ಕೊಡುತ್ತಿದ್ದವು. ನಮ್ಮ ಹೆಡ್‌ಮಿಸ್ಟ್ರೆಸ್ ಒಂದು ದಿನ ಬಂದು ನೋಡಿ, "ಅಯ್ಯೋ, ಇದೇನಮ್ಮ, ಜಪ್ತಿ ಆದ ಮನೆ ಹಾಗಿದೆ" ಎಂದರು. ಮರುದಿನವೇ ಆಕೆಯನ್ನು ಕಳಿಸಿದರು. ಒಂದು ಎಸ್ಟೇಟಿನ ಬಂಗಲೆಯಲ್ಲಿ ಮೂವತ್ತು ವರ್ಷ ಇದ್ದವಳು, ಬಿಳಿಯ ದೊರೆ ತೋಟ ಮಾರಿ ಶೀಮೆಗೆ ಹೋದ ಮೇಲೆ ಕೆಲಸವಿಲ್ಲದೆ ಇದ್ದಾಳೆ, ಮನೆ ಜೋಡಿಸುವುದು ಅವಳಿಗೆ ಗೊತ್ತು ಎಂದರು.

ಆಕೆಯ ಹೆಸರನ್ನು ನಾನು ಬರೆಯುವುದಿಲ್ಲ. ಬಂಗಲೆಯಲ್ಲಿ ಯಾರೂ ಅವಳನ್ನು ಹೆಸರಿನಿಂದ ಕರೆದಿರಲಿಲ್ಲವಂತೆ, ಗಂಟೆ ಬಾರಿಸುತ್ತಿದ್ದರಂತೆ. ನಾನು ಅಜ್ಜಿ ಎನ್ನುತ್ತಿದ್ದೆ. ಆಗ ಅರವತ್ತರ ಹತ್ತಿರ ಇರಬೇಕು. ತೆಳ್ಳನೆಯ ಮೈ, ಹಣೆಯಲ್ಲಿ ವಿಭೂತಿ, ಸದ್ದಿಲ್ಲದ ಬರಿಗಾಲು. ಬಿಳಿ ಸೀರೆ ಎಂದು ನನ್ನ ನೆನಪು. ಆದರೆ ಆ ವರ್ಷದ ಡೈರಿಯಲ್ಲಿ "ನೀಲಿ ಅಂಚಿನ ಬೂದು ಸೀರೆಯ ಮುದುಕಿ" ಎಂದು ನಾನೇ ಬರೆದಿಟ್ಟಿದ್ದೇನೆ. ಸೀರೆಯ ಬಣ್ಣವನ್ನೇ ತಪ್ಪಾಗಿ ನೆನಪಿಟ್ಟುಕೊಂಡವಳು ಮುಂದಿನದನ್ನು ಎಷ್ಟು ಸರಿಯಾಗಿ ಹೇಳಬಲ್ಲೆ ಎಂದು ನನಗೇ ಅನುಮಾನವಿದೆ. ಓದುವವರಿಗೂ ಅಷ್ಟು ಅನುಮಾನ ಇರಲಿ.

ಮೊದಲ ದಿನ ಆಕೆ ಏನನ್ನೂ ಮುಟ್ಟಲಿಲ್ಲ. ಒಂದೊಂದು ಕೋಣೆಯಲ್ಲೂ ಸ್ವಲ್ಪ ಹೊತ್ತು ನೆಲದ ಮೇಲೆ ಸುಮ್ಮನೆ ಕುಳಿತಳು. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು:

"ಒಕ್ಕಲು ಬಂದಾಗ ಹಾಲು ಉಕ್ಕಿಸಿದ್ರಾ?"

"ಉಕ್ಕಿಸಿದೆ."

"ಆ ಹಾಲು ಯಾರ್‍ಯಾರು ಕುಡಿದ್ರಿ?"

"ನಾನೊಬ್ಬಳೇ ಇದ್ದದ್ದು. ನಾನೇ ಕುಡಿದೆ."

ಆಕೆ ನಾಲಿಗೆ ಕಚ್ಚಿಕೊಂಡಳು. "ತಪ್ಪಾಯ್ತಲ್ಲ. ಬೀದೀಲಿ ಹೋಗೋರ್ನಾದ್ರೂ ಒಬ್ರನ್ನ ಕರೀಬೇಕಿತ್ತು. ಈ ಮನೆ ಈಗ ಒಂಟಿ ಅಂತ ತಿಳ್ಕೊಂಡ್‌ಬಿಟ್ಟಿದೆ. ಇನ್ನು ಅದನ್ನ ನಂಬ್ಸೋದು ಕಷ್ಟದ ಕೆಲಸ."

ಮನೆಯನ್ನು ನಂಬಿಸುವುದು ಎಂಬ ಮಾತನ್ನು ನಾನು ಆಕೆಯ ಬಾಯಿಂದಲೇ ಕೇಳಿದ್ದು.

ಬಂಗಲೆಯ ಹಳೆಯ ಸಾಮಾನು ತೋಟದ ಗೋಡೌನಿನಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಹೊಸ ಸಾಹುಕಾರರಿಗೆ ಅದು ಬೇಕಿರಲಿಲ್ಲ. ಹೇಳಿ ಒಪ್ಪಿಸಿ, ಒಂದು ಎತ್ತಿನ ಗಾಡಿ ತುಂಬ ಹೇರಿಕೊಂಡು ಬಂದಳು. ಬೀಟೆಯ ಮೇಜು, ಕಬ್ಬಿಣದ ಎರಡು ಮಂಚ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದ ನಿಲುಗನ್ನಡಿ, ಎರಡು ಬೆತ್ತದ ಕುರ್ಚಿ. ಗಾಡಿಯವನು ಪರಿಚಯದವನು, ಬಾಯಿ ಜೋರು.

"ಏನಜ್ಜಿ, ದೊರೆ ಮನೇನೇ ಎತ್ಕೊಂಡ್ ಬಂದಂಗಿದೆ. ದೊರೆ ಒಬ್ರು ಬಾಕಿ."

"ದೊರೆ ಬಂದ್ರೂ ಕಾಲು ಒರೆಸ್ಕಂಡೇ ಒಳಗೆ ಬರ್ತಿದ್ರು. ನೀನೂ ಒರೆಸ್ಕೊ."

"ನಂಗೆ ಕುರ್ಚಿ ಹಾಕ್ತೀಯಾ ಹಂಗಾದ್ರೆ?"

"ಹಾಕ್ತಿದ್ದೆ. ನೀನು ಕುಂತ್ರೆ ಬೆತ್ತ ತಾಳಲ್ವಲ್ಲಪ್ಪ."

ನನಗೆ ಒಂದು ಕುರ್ಚಿ ಸಾಕಾಗಿತ್ತು, ಒಂದು ಮಂಚ ಸಾಕಾಗಿತ್ತು. ಹಾಗೆಂದೆ. ಆಕೆ ಕೇಳಲಿಲ್ಲ. "ಒಂದೇ ಕುರ್ಚಿ ಇರೋದು ಕಚೇರೀಲಿ" ಎಂದು ಎರಡನ್ನೂ ಕಿಟಕಿಯ ಬಳಿ ಎದುರು ಬದುರು ಇಟ್ಟಳು. ಪೂರ್ತಿ ಎದುರಲ್ಲ, ತುಸು ಓರೆ. "ಹಿಂಗೆ ಮಡಗಿದ್ರೆ ಮಾತಾಡೋದು ಬೇಡ ಅನ್ಸಿದಾಗ ತೋಟದ ಕಡೆ ನೋಡ್ಬೋದು" ಎಂದಳು. ಮಾತಾಡುವವರು ಯಾರು ಎಂದು ನಾನು ಕೇಳಲಿಲ್ಲ.

ಬೆಳಗ್ಗೆ ಬಂದು ಕತ್ತಲಾಗುವ ಮುಂಚೆ ಆಕೆ ತಮ್ಮನ ಮನೆಗೆ ಹೋಗುತ್ತಿದ್ದಳು. ಅಲ್ಲಿ ಹಿತ್ತಲಿನ ಒಂದು ಕೋಣೆ ಅವಳದು. ದೊರೆಗಳ ಮಾಂಸದಡಿಗೆಯ ಮನೆಯಲ್ಲಿ ಕೆಲಸ ಮಾಡಿದವಳೆಂದು ತಮ್ಮನ ಹೆಂಡತಿ ಅಡಿಗೆಮನೆಗೆ ಬಿಡುತ್ತಿರಲಿಲ್ಲ. ತಟ್ಟೆ ಕೋಣೆಯ ಹೊಸ್ತಿಲಿಗೆ ಬರುತ್ತಿತ್ತು. "ನಂಗೂ ಈಗ ಬಂಗಲೆ ದೊರೆ ಮರ್ಯಾದೆ, ಊಟ ರೂಮಿಗೇ ಬತ್ತದೆ" ಎಂದು ಆಕೆ ಇದನ್ನು ನಗುತ್ತಲೇ ಹೇಳಿದ್ದಳು. ಈಗ ಬರೆಯುವಾಗ ನನಗೆ ನಗು ಬರುತ್ತಿಲ್ಲ. ಆಗ ಬಂದಿತ್ತೇ? ಬಂದಿರಬೇಕು.

ಎರಡು ವಾರ ಕಳೆದಿರಬಹುದು. ಸಂಜೆ ಶಾಲೆಯಿಂದ ಬಂದಾಗ ಸಣ್ಣಪುಟ್ಟ ವಿಚಿತ್ರಗಳು ಕಣ್ಣಿಗೆ ಬೀಳತೊಡಗಿದವು. ನಾನು ಕೂರದ ಕುರ್ಚಿಯ ದಿಂಬು ಒತ್ತಿಕೊಂಡಿರುತ್ತಿತ್ತು. ಎರಡನೆಯ ಮಂಚದ ಹೊದಿಕೆ ಯಾರೋ ಈಗ ತಾನೆ ಎದ್ದುಹೋದಂತೆ ಒಂದು ಬದಿ ಸರಿದಿರುತ್ತಿತ್ತು. ಕಿಟಕಿಯ ಮೇಲೆ ಅರ್ಧ ಕುಡಿದಿಟ್ಟ ಕಾಫಿ. ಮುದುಕಿ ನಾನಿಲ್ಲದಾಗ ಸುಖಪಡುತ್ತಿದ್ದಾಳೆ ಎಂದುಕೊಂಡೆ. ಒಂದು ದಿನ ಹೇಳಿಯೂಬಿಟ್ಟೆ:

"ಅಜ್ಜಿ, ಕೂತುಕೊಳ್ಳಿ, ಮಲಗಿ, ನನ್ನದೇನೂ ಅಭ್ಯಂತರ ಇಲ್ಲ. ಎದ್ದ ಮೇಲೆ ಸರಿಮಾಡಿ ಅಷ್ಟೇ."

"ಸರಿಮಾಡೋಕೆ ನಂಗೆ ಬರಲ್ವಾ ಟೀಚರಮ್ಮ?" ಆಕೆಯ ದನಿಯಲ್ಲಿ ಸಣ್ಣ ಅವಮಾನವಿತ್ತು. "ಹಂಗೆ ಮಾಡೋದು ಕೆಲಸ. ಸುಮ್ನೆ ಕುಂತು ಎದ್ದಿದ್ದಲ್ಲ ಅದು."

ಅವತ್ತು ಬಾಗಿಲಿಗೆ ಒರಗಿ ನಿಂತು ಆಕೆ ಹೇಳಿದ್ದನ್ನು ಡೈರಿಯಲ್ಲಿ ನಾಲ್ಕು ಪುಟ ಬರೆದುಕೊಂಡಿದ್ದೇನೆ. ಇಷ್ಟು ಮಾತ್ರ ನಂಬಿಕೆಯಿಂದ ಹೇಳಬಲ್ಲೆ.

ಬಂಗಲೆಯ ದೊರೆಸಾನಿ ಕಾಯಿಲೆಯಲ್ಲಿ ತೀರಿಕೊಂಡಳು. ಮಣ್ಣು ಮಾಡಿದ ಮರುದಿನ ದೊರೆ ಬೆಳಗಿನ ತಿಂಡಿಗೆ ಬಂದು ಕುಳಿತರು. ಎದುರಿನ ಕುರ್ಚಿಯನ್ನು, ಅದರ ನೀಟಾದ ದಿಂಬನ್ನು ನೋಡುತ್ತ ಕುಳಿತರು. ತಟ್ಟೆ ಹಾಗೇ ವಾಪಸು ಹೋಯಿತು. ಒಂಬತ್ತು ದಿನ ಹೀಗೇ ಆಯಿತು. ಹತ್ತನೆಯ ದಿನ, ದೊರೆ ಬರುವ ಸ್ವಲ್ಪ ಮುಂಚೆ, ಆಕೆ ತಾನೇ ಆ ಕುರ್ಚಿಯಲ್ಲಿ ಕುಳಿತು ಎದ್ದಳು. ದೊರೆಸಾನಿಯ ಬಟ್ಟಲಿಗೆ ಟೀ ಬಗ್ಗಿಸಿ, ಎರಡು ಗುಟುಕು ಕುಡಿದು ಇಟ್ಟಳು. ದೊರೆ ಬಂದರು. ದಿಂಬನ್ನು ನೋಡಿದರು. ಅಂಗೈ ಇಟ್ಟು ನೋಡಿದರು. ಅದು ಇನ್ನೂ ಬೆಚ್ಚಗಿತ್ತು. ಕುಳಿತು ತಿಂಡಿ ತಿಂದರು.

"ಆಮೇಲೆ?"

"ಆಮೇಲೆಂತ? ಹನ್ನೊಂದು ವರ್ಷ ಅದೇ ಕೆಲಸ. ಬೆಳಿಗ್ಗೆ ಹಾಸಿಗೆ ಕೆಡಿಸೋದು. ಪುಸ್ತಕದ ಹಾಳೆ ತಿರುವೋದು. ಬಾಚಣಿಗೇಲಿ ಒಂದು ಕೂದ್ಲು."

"ಯಾರ ಕೂದಲು?"

"ನಂದೇ. ಇನ್ಯಾರು ಕೊಡ್ತಾರೆ?"

"ದೊರೆಗೆ ಗೊತ್ತಿತ್ತಾ ಅಜ್ಜಿ?"

"ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಗೊತ್ತಿದ್ದೂ ಊಟ ಮಾಡ್ತಾರೆ ಟೀಚರಮ್ಮ ಜನ."

ಕೂಡಲೇ ನಿಲ್ಲಿಸಿ ಎನ್ನಬೇಕಿತ್ತು. ಆದರೆ ಆಕೆ ಮುಂದಿನ ಮಾತು ಹೇಳಿದ್ದು ನನ್ನ ಅಪ್ಪನ ಬಗ್ಗೆ. "ನಿಮ್ಮಪ್ಪ ಬಂದು ನೋಡೋದು ಮಂಚ ಮೇಜು ಅಂದ್ಕೊಂಡ್ರಾ? ಮಗಳು ಒಬ್ಳೇ ಇದಾಳಾ ಅಂತ ನೋಡ್ತಾರೆ. ನಂಜೊತೆ ಒಬ್ರು ವಯಸ್ಸಾದ ಹೆಂಗಸರು ಇದಾರೆ ಅಂತ ಕಾಗದ ಹಾಕಿ. ಮಿಕ್ಕಿದ್ದು ನಂಗೆ ಬುಡಿ."

ನೀವೇ ಅವರಾಗಿ ಎರಡು ದಿನ ಇಲ್ಲೇ ಇರಬಾರದೇ ಎಂದೆ. ಆಕೆ ತಲೆಯಾಡಿಸಿದಳು. "ನಾನು ಕಂಡ್ರೆ ಕೆಲಸದೋಳು ಅಂತಾರೆ. ಕಾಣ್ದೇ ಇರೋರಿಗೆ ಮರ್ಯಾದೆ ಜಾಸ್ತಿ."

ನಾನು ಕಾಗದ ಹಾಕಿದೆ. ಇದನ್ನು ಆಕೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಕೈ ನನ್ನದು, ಮಸಿ ನನ್ನದು.

ಅಲ್ಲಿಂದ ನಾವಿಬ್ಬರೂ ಸೇರಿ ಒಬ್ಬರನ್ನು ಮಾಡತೊಡಗಿದೆವು. ಅವರಿಗೆ ಎಷ್ಟು ವಯಸ್ಸಾಗಿರಬೇಕು, ಬೆಳಗ್ಗೆ ಎಷ್ಟು ಹೊತ್ತಿಗೆ ಏಳಬೇಕು, ಎರಡನೆಯ ಲೋಟ ಕಾಫಿ ಬೇಕೋ ಬೇಡವೋ. ಆಕೆ ಸಂತೆಯಿಂದ ಒಂದು ಗಾಜು ಸೀಳಿದ ಕನ್ನಡಕ ತಂದಳು. ಗೂಟಕ್ಕೆ ಒಂದು ಹಳೆಯ ಶಾಲು ಬಂತು. ಒಂದು ತಟ್ಟೆಯಲ್ಲಿ ಹತ್ತಿ, ಪಕ್ಕದಲ್ಲಿ ಹೊಸೆದಿಟ್ಟ ಐದಾರು ದೀಪದ ಬತ್ತಿ. ಹಿರಿಯ ಹೆಂಗಸೊಬ್ಬರು ಬತ್ತಿ ಹೊಸೆಯುತ್ತ ಕುಳಿತಿದ್ದು, ಈಗ ತಾನೆ ಎದ್ದು ಒಳಗೆ ಹೋದ ಹಾಗೆ. ಅದು ನನ್ನ ಸಲಹೆ. ಅಪ್ಪನಿಗೆ ಅದಕ್ಕಿಂತ ಭರವಸೆ ಕೊಡುವ ವಸ್ತು ಇರಲಾರದು ಎಂದು ನನಗೆ ಗೊತ್ತಿತ್ತು. ಅದನ್ನು ಹೇಳಿದಾಗ ಆಕೆ ಕಸುಬಿನವಳು ಕಸುಬಿನವಳನ್ನು ನೋಡುವಂತೆ ನನ್ನನ್ನು ನೋಡಿದಳು. ನನಗೆ ಹೆಮ್ಮೆಯಾಗಿತ್ತು.

ಹೆಮ್ಮೆಯ ಜೊತೆಗೆ ಇನ್ನೊಂದೂ ಶುರುವಾಗಿತ್ತು. ಶಾಲೆಯಿಂದ ಬಂದು ಬೀಗ ತೆಗೆಯುವ ಮುಂಚೆ ನಾನೂ ಕೆಮ್ಮತೊಡಗಿದ್ದೆ.

ಮಂಗಳವಾರ ಬರುತ್ತೇನೆಂದು ಬರೆದಿದ್ದ ಅಪ್ಪ ಸೋಮವಾರವೇ ಬಂದುಬಿಟ್ಟರು. ತಪಾಸಣೆ ಮಾಡುವವನು ಹೇಳಿದ ದಿನ ಹೋಗಬಾರದು ಎಂಬುದು ಅವರ ಕಚೇರಿಯ ಪಾಠ. ಆವತ್ತು ಸಂತೆ. ಆಕೆ ಬೆಳಗ್ಗೆಯೇ ನಮ್ಮ ಶಾಲೆಯ ಆಯಾ ಜೊತೆ ಸಂತೆಗೆ ಹೋಗಿದ್ದಳು. ನಾನು ಶಾಲೆಯಲ್ಲಿದ್ದೆ. ಬಾಗಿಲಿಗೆ ಬೀಗ. ಒಂದು ಕೀ ನನ್ನ ಬಳಿ, ಇನ್ನೊಂದು ಆಕೆಯ ಸೆರಗಿನ ಗಂಟಿನಲ್ಲಿ.

ಕಾಫಿ ಹೂಬಿಟ್ಟಿದ್ದ ದಿನಗಳವು. ರಸ್ತೆಯ ಎರಡೂ ಬದಿ ಬೆಳ್ಳಗೆ, ತಲೆನೋಯುವಷ್ಟು ಪರಿಮಳ. ಸಂಜೆ ಮನೆ ಸಮೀಪಿಸಿದಾಗ ಬಾಗಿಲು ತೆರೆದಿರುವುದು ಕಾಣಿಸಿತು. ಕಿಟಕಿಯ ಬಳಿ, ನನ್ನ ಕುರ್ಚಿಯಲ್ಲಿ, ಅಪ್ಪ ಟೋಪಿ ತೆಗೆದಿಟ್ಟು ಕುಳಿತಿದ್ದರು.

"ಮೆಲ್ಲಗೆ ಮಾತಾಡು," ಎಂದರು ನನ್ನನ್ನು ಕಂಡೊಡನೆ. "ಅವರು ಈಗ ತಾನೆ ಒಳಗೆ ಹೋಗಿ ಮಲಗಿದಾರೆ."

"ಯಾರು ಅಪ್ಪ?"

"ಯಾರು ಅಂದ್ರೆ? ನೀನು ಬರೆದಿದ್ಯಲ್ಲ, ಅವರೇ. ಬಾಗಿಲು ತೆಗೆದು ಒಳಗೆ ಕರೆದರು. ಕಾಫಿ ಕೊಡಲೇ ಅಂದರು, ಯಾವ ಜನವೋ ಏನೋ ಅಂತ ನಾನೇ ಬೇಡ ಅಂದೆ. ಒಳ್ಳೇ ಗೌರವಸ್ಥ ಹೆಂಗಸು ಕಣೇ. ಮಾತು ಕಮ್ಮಿ. ಯಾವ ಕಡೆಯವರು ಅಂತ ಮಾತ್ರ ಗೊತ್ತಾಗಲಿಲ್ಲ. ಆ ಮಾತು ಹಾಸನದ ಕಡೆಯದೂ ಅಲ್ಲ, ನಮ್ಮ ಕಡೆಯದೂ ಅಲ್ಲ."

ನಾನು ಒಳಕೋಣೆಯ ಬಾಗಿಲಿಗೆ ಹೋದೆ. ಎರಡನೆಯ ಮಂಚದ ಹೊದಿಕೆ ಒಂದು ಬದಿ ಸರಿದಿತ್ತು. ಯಾರೂ ಇರಲಿಲ್ಲ. ಹಿತ್ತಲ ಬಾಗಿಲು ಮುಚ್ಚಿತ್ತು.

ಅರ್ಧ ಗಂಟೆಯ ಮೇಲೆ ಆಕೆ ಬುಟ್ಟಿ ಹೊತ್ತು ಬಂದಳು. ನಾನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, ಪಿಸುದನಿಯಲ್ಲಿ, "ಎಷ್ಟು ಚೆನ್ನಾಗಿ ಮಾಡಿದಿರಿ ಅಜ್ಜಿ, ನನಗೆ ಮೊದಲೇ ಹೇಳಬಾರದೇ" ಎಂದೆ. ಆಕೆಗೆ ಅರ್ಥವಾಗಲಿಲ್ಲ. ಅಪ್ಪ ಹೇಳಿದ್ದನ್ನು ಹೇಳಿದೆ. ಆಕೆ ಬುಟ್ಟಿಯನ್ನು ಕೆಳಗಿಟ್ಟ ರೀತಿ ನನಗೆ ಕಣ್ಣಿಗೆ ಕಟ್ಟಿದಂತಿದೆ, ಒಳಗೆ ಗಾಜಿನ ಸಾಮಾನು ಇದ್ದ ಹಾಗೆ.

ಕೋಣೆಯ ಬಾಗಿಲಲ್ಲಿ ನಿಂತು ಕೆಮ್ಮಿದಳು. ಈ ಸಲ ಕೆಮ್ಮಿದ ಮೇಲೆ ಕಾದಳು. ಆಮೇಲೆ ಒಳಗೆ ಹೋಗಿ ತಟ್ಟೆಯನ್ನು ತಂದು ನನಗೆ ತೋರಿಸಿದಳು. ತಟ್ಟೆಯಲ್ಲಿ ಹತ್ತಿ ಉಳಿದಿರಲಿಲ್ಲ. ಅಷ್ಟೂ ಬತ್ತಿಯಾಗಿತ್ತು.

"ನಂಗೆ ಇಷ್ಟು ಸಣ್ಣಕ್ಕೆ ಹೊಸೆಯೋಕೆ ಬರಲ್ಲ ಟೀಚರಮ್ಮ," ಎಂದಳು.

ಒಳಗಿನವರಿಗೆ ತೊಂದರೆಯಾಗಬಾರದೆಂದು ಅಪ್ಪ ಆ ರಾತ್ರಿ ಹೊರಕೋಣೆಯಲ್ಲೇ ಮಲಗಿ, ಮರುದಿನ ಬೆಳಗಿನ ಬಸ್ಸಿಗೆ ಒಬ್ಬರೇ ಹೊರಟರು. ಬಸ್ಸಿನ ಕಿಟಕಿಯಿಂದ, "ಅವರನ್ನ ಚೆನ್ನಾಗಿ ನೋಡ್ಕೊ" ಎಂದರು. ಡೈರಿಯಲ್ಲಿ ಆ ಎರಡು ದಿನಕ್ಕೆ ಸೇರಿಸಿ ಒಂದೇ ಸಾಲಿದೆ: "ಅಪ್ಪ ಬಂದರು, ಒಪ್ಪಿದರು, ಹೋದರು." ಬತ್ತಿಯ ಮಾತೇ ಇಲ್ಲ. ಹೆದರಿ ಬರೆಯಲಿಲ್ಲವೋ, ಬರೆಯುವಂಥದ್ದು ನಡೆಯಲೇ ಇಲ್ಲವೋ, ಈಗ ಹೇಳಲಾರೆ.

ಯೋಚಿಸಿ ನೋಡಿದ್ದೇನೆ. ಆಕೆ ಸಂತೆಯಿಂದ ನಡುವೆ ಬಂದು ಹೋಗಿರಬಹುದು. ಆಯಾಳನ್ನು ವಿಚಾರಿಸಿದಾಗ, "ನಂಜೊತೇಲೆ ಇದ್ಲು. ಮೆಣಸಿನಕಾಯಿ ಸಾಲಲ್ಲಿ ಒಂದಷ್ಟು ಹೊತ್ತು ಕಾಣಿಸ್ಲಿಲ್ಲ. ಆ ಜನದಲ್ಲಿ ನಾನೇ ನಂಗೆ ಕಾಣಿಸ್ಲಿಲ್ಲ ಬುಡಿ" ಎಂದಿದ್ದಳು. ಆದರೆ ಸೋಮವಾರಪೇಟೆಯ ಕನ್ನಡವನ್ನು ಬಿಟ್ಟು ಬೇರೆ ಕನ್ನಡ ಆಕೆಗೆ ಬರುತ್ತಿರಲಿಲ್ಲ. ಅದು ಕೇಳಲು ಹಾಸನದ ಕಡೆಯ ಮಾತಿನ ಹಾಗೇ ಇರುತ್ತದೆ, ಅದನ್ನು ಹಾಸನದ್ದಲ್ಲ ಎಂದು ಅಪ್ಪ ಎಂದೂ ಹೇಳುತ್ತಿರಲಿಲ್ಲ.

ಅಥವಾ ಎಲ್ಲವೂ ಅಪ್ಪನದೇ ಕಟ್ಟುಕತೆ. ಬೀಗ ಹಾಕುವುದನ್ನು ನಾನೇ ಮರೆತಿದ್ದು, ಒಳಗೆ ಬಂದ ಅವರು ಕನ್ನಡಕ, ಶಾಲು, ದಿಂಬು ಎಲ್ಲವನ್ನೂ ಕಂಡು, ಮೂವತ್ತು ವರ್ಷ ಸುಳ್ಳು ಅರ್ಜಿಗಳನ್ನು ಓದಿದ ಕಣ್ಣಿನಿಂದ ನಮ್ಮ ಆಟವನ್ನು ಹಿಡಿದಿರಬಹುದು. ಹಿಡಿದೂ ಬಿಟ್ಟಿರಬಹುದು. ಮರ್ಯಾದೆ ಕಳೆದುಕೊಳ್ಳದೆ ಮಗಳಿಗೆ ಸೋಲುವುದಕ್ಕೆ ಅವರಿಗೂ ಅಂಥ ಒಬ್ಬರು ಬೇಕಾಗಿದ್ದರು. ಹಾಗಾದರೆ ಬತ್ತಿಯನ್ನು ಹೊಸೆದವರು ನನ್ನ ಅಪ್ಪ. ಅವರು ಆ ಕುರ್ಚಿಯಲ್ಲಿ ಕುಳಿತು ಬತ್ತಿ ಹೊಸೆಯುವ ಚಿತ್ರ ಮೂರನೆಯ ಸಾಧ್ಯತೆಗಿಂತ ಹೆಚ್ಚು ಹೆದರಿಸುತ್ತದೆ ಒಮ್ಮೊಮ್ಮೆ.

ಮೂರನೆಯದನ್ನು ಆಕೆ ಒಂದೇ ಸಲ ಬಾಯಿಬಿಟ್ಟು ಹೇಳಿದಳು. "ಬಂಗಲೇಲಿ ಇದ್ದೋರ ಜಾಗ ಉಳಿಸಿದ್ದೆ. ಇಲ್ಲಿ ನಾವು ಇಲ್ದೇ ಇರೋರಿಗೆ ಜಾಗ ಮಾಡಿದ್ವಿ. ಅದು ಮಾಡ್ಬಾರ್ದಿತ್ತೇನೋ."

ಆವತ್ತಿನಿಂದ ಆ ಕೆಲಸ ನಿಂತಿತು. ಕನ್ನಡಕ ಟ್ರಂಕಿಗೆ ಹೋಯಿತು, ಶಾಲನ್ನು ಆಕೆ ಮಡಚಿಟ್ಟಳು. ಮನೆ ಮಾತ್ರ ಒಂಟಿಮನೆಯ ಹಾಗೆ ಮತ್ತೆ ಎಂದೂ ಕೇಳಿಸಲಿಲ್ಲ. ಮಾತಾಡಿದರೆ ಗೋಡೆಗಳು ಮಾತನ್ನು ಇಟ್ಟುಕೊಳ್ಳುತ್ತಿದ್ದವು. ಎರಡನೆಯ ಕುರ್ಚಿಯಲ್ಲಿ ನಾನು ಕೂರಲಿಲ್ಲ. ಹೆದರಿಕೆ ಎನ್ನಲಾರೆ. ಬಸ್ಸಿನಲ್ಲಿ ಯಾರೋ ಟವೆಲ್ ಹಾಕಿ ಹೋದ ಸೀಟಿನಲ್ಲಿ ಕೂರಲು ಆಗುವ ಸಂಕೋಚ ಅದು.

ಮುಂದಿನ ವರ್ಷ ಆಕೆ ಜ್ವರ ಹಿಡಿದು ಮಲಗಿದಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೋಡಲು ಹೋದೆ. ತಮ್ಮನ ಹಿತ್ತಲಿನ ಆ ಕೋಣೆಯನ್ನು ನೋಡಿದ್ದು ಅದೇ ಮೊದಲು. ಚಾಪೆ, ಕಂಬಳಿ, ಒಂದು ಚೊಂಬು. ಅಷ್ಟೇ. ಗೋಡೆಯಲ್ಲಿ ಒಂದು ಮೊಳೆ ಕೂಡ ಇರಲಿಲ್ಲ. ಎರಡು ಮನೆಗಳಲ್ಲಿ ಇಲ್ಲದವರ ಗುರುತುಗಳನ್ನು ಬಿಟ್ಟವಳ ಸ್ವಂತ ಕೋಣೆಯಲ್ಲಿ ಅವಳಿದ್ದ ಗುರುತೇ ಇರಲಿಲ್ಲ. ಬಾಗಿಲಲ್ಲಿ ನಿಂತು ಕೆಮ್ಮಿದೆ. ಆಕೆ ಕಣ್ಣುಬಿಟ್ಟು ನಕ್ಕಳು. "ಕಲ್ತ್ರಲ್ಲ" ಎಂದಳು.

ನಾನು ಕೂತು ಕೈ ಹಿಡಿದುಕೊಂಡು ಕೇಳಿದೆ. ಇನ್ನು ಕೇಳಲು ಸಮಯ ಸಿಗಲಾರದು ಎನ್ನಿಸಿತ್ತು.

"ಅಜ್ಜಿ, ಆವತ್ತು ನಮ್ಮಪ್ಪನ ಹತ್ತಿರ ಮಾತಾಡಿದ್ದು ನೀವೇ ಅಲ್ವಾ?"

ಆಕೆ ನನ್ನನ್ನೇ ನೋಡಿದಳು. ಆಮೇಲೆ ಬಂಗಲೆಯ ಊಟದ ಮೇಜಿನ ಬಳಿ ಬಡಿಸುತ್ತ ಮೂವತ್ತು ವರ್ಷ ತಾನು ಕೇಳಿದ್ದ ದನಿಯಲ್ಲಿ, ವಿನಯದಿಂದ, ಕೇಳಿದಳು:

"ನಿಮಗೆ ಯಾವುದು ಬೇಕು ಟೀಚರಮ್ಮ?"

ನಾನು ಕಂಬಳಿಯನ್ನು ಆಕೆಯ ಹೆಗಲವರೆಗೆ ಎಳೆದು ಹೊದಿಸಿದೆ. ಬುಧವಾರ ಸುದ್ದಿ ಬಂತು.

ನನಗೆ ಮನೆ ಜೋಡಿಸಿ ಕೊಟ್ಟ ಮುದುಕಿ ತೀರಿಕೊಂಡಳು ಎಂದು ಅಪ್ಪನಿಗೆ ಬರೆದೆ. ವಾರದೊಳಗೆ ಉತ್ತರ ಬಂತು. ಕೆಲಸದವಳ ಸುದ್ದಿ ಕೇಳಿ ಬೇಸರವಾಯಿತು ಎಂದು ಬರೆದಿದ್ದರು. ಕೆಳಗೆ, ತಮ್ಮ ದುಂಡನೆಯ ಕಚೇರಿ ಅಕ್ಷರದಲ್ಲಿ: "ಆ ಹಿರಿಯರು ಈಗಲೂ ನಿನ್ನ ಜೊತೆ ಇದ್ದಾರಷ್ಟೆ? ನೀನು ಒಬ್ಬಳೇ ಆಗಿದ್ದಲ್ಲಿ ಮುಚ್ಚಿಡದೆ ತಿಳಿಸು. ನಾನೇ ಬಂದು ಕರೆದುಕೊಂಡು ಬರುತ್ತೇನೆ."

ಬೆಳಗ್ಗೆ ಹತ್ತರ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಸತ್ಯ ಬರೆದರೆ ನನ್ನ ಕೆಲಸ, ಈ ಊರು, ಈ ಮೂರು ಕೋಣೆ ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಯಾವುದು ಸತ್ಯ ಎಂದು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದೆ.

"ಇದ್ದಾರೆ" ಎಂದು ಬರೆದೆ. ಮಸಿ ಆರುವವರೆಗೆ ಹಿಂದೆ ತಿರುಗಿ ನೋಡಲಿಲ್ಲ.